ಹೂವಿನ ಬೆರಳು

"ಊವ ನೀವೇ ಆಕ್ಬೇಕು ಸಾರ್. ದೊಡ್ಡೋರು ಇರುವಾಗ ನಾವು ಆಕುದ್ರ ಏನ್ ಚೆಂದ," ಎಂದು ಬಿಸಿಯೂಟದ ದೊಡ್ಡಮಾದಮ್ಮ ಎರಡೂ ಕೈಯಲ್ಲಿ ಚೆಂಡುಹೂವಿನ ಹಾರ ಹಿಡಿದು ಎದುರಿಗೆ ನಿಂತಳು.

ಮಲ್ಲಿಕಾರ್ಜುನಸ್ವಾಮಿ ಹಿಂದಿರುಗಿ ನೋಡಿದ, ತನಗಿಂತ ದೊಡ್ಡವರು ಯಾರಾದರೂ ಇರಬಹುದೆಂದು. ಹಿಂದೆ ಗೋಡೆ ಇತ್ತು. ಗೋಡೆಯ ಮೇಲೆ ಭಾರತದ ನಕ್ಷೆ ಇತ್ತು.

"ಶಿವಮೂರ್ತಿಗಳು ಹಾಕ್ಲಿ," ಎಂದ.

"ನಾನು ಕಾಯಿ ಒಡೀತೀನಲ್ರೀ ಸ್ವಾಮಿ," ಎಂದರು ಬಾಗಿಲಲ್ಲಿ ನಿಂತಿದ್ದ ಶಿವಮೂರ್ತಿ. "ಎಲ್ಲಾ ನಾನೇ ಮಾಡೋದಾದ್ರೆ ಸಮಿತಿ ಅಂತ ಯಾಕೆ ಬೇಕು."

ಗೋಡೆಗೆ ಹೊಸ ಬೋರ್ಡನ್ನು ನಿನ್ನೆಯಷ್ಟೇ ಕೂರಿಸಿದ್ದರು. ಕರಿಹಲಗೆ ಇದ್ದ ಜಾಗದಲ್ಲಿ, ಅಡ್ಡ ಮಲಗಿಸಿದ ಬಾಗಿಲಿನಷ್ಟು ದೊಡ್ಡ ಗಾಜು, ಸುತ್ತ ದಪ್ಪ ಕಪ್ಪು ಚೌಕಟ್ಟು. ಬೆರಳಿನಿಂದ ಮುಟ್ಟಿದರೆ ಬರೆಯುತ್ತದೆ, ಅಳಿಸುತ್ತದೆ, ಮಾತಾಡುತ್ತದೆ. ಇಂಥವು ಜಿಲ್ಲೆಯ ನಲವತ್ತು ಪ್ರಾಥಮಿಕ ಶಾಲೆಗಳಿಗೆ ಬರಲಿದ್ದವು. ಅದರೊಳಗೆ ಯಾವ ಸಾಫ್ಟ್‌ವೇರು ಇರಬೇಕು ಎನ್ನುವುದನ್ನು ಮೂವರ ಸಮಿತಿ ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಶಿವಮೂರ್ತಿ ಶಿಕ್ಷಣ ಇಲಾಖೆಯ ಕಚೇರಿಯವರು, ಅಧ್ಯಕ್ಷರು. ಮಲ್ಲಿಕಾರ್ಜುನಸ್ವಾಮಿ ಚಾಮರಾಜನಗರದಲ್ಲಿ ಮೇಷ್ಟರಾಗುವವರಿಗೆ ಪಾಠ ಹೇಳುವವನು, ಆದ್ದರಿಂದ ತಜ್ಞ. ಮೂರನೆಯವರಾದ ಸುಧಾಮಣಿ ಮೇಡಂ ಮಗಳ ನಿಶ್ಚಿತಾರ್ಥವೆಂದು ರಜೆಯಲ್ಲಿದ್ದರು. ಹೋಗುವ ಮೊದಲು, ಆಯ್ಕೆಯಾದದ್ದರ ಹೆಸರು ಬರೆಯುವ ಜಾಗ ಖಾಲಿ ಬಿಟ್ಟು, ಕೆಳಗೆ ಸಹಿ ಮಾಡಿ ಕೊಟ್ಟಿದ್ದರು.

ಹಾರ ಇನ್ನೂ ಎದುರಿಗೇ ಇತ್ತು. ಇಪ್ಪತ್ತಮೂರು ಮಕ್ಕಳು ಕೈಮುಗಿದು ಕುಳಿತಿದ್ದವು. ಅವನು ಪೂಜೆಗೀಜೆ ಬಿಟ್ಟು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಎಂ.ಎಡ್. ಓದುವಾಗ ಕೊರಳ ಲಿಂಗದ ಕರಡಿಗೆಯನ್ನು ಬಿಚ್ಚಿ ಟ್ರಂಕಿನಲ್ಲಿಟ್ಟವನು. ಆ ಟ್ರಂಕು ಈಗ ಎಲ್ಲಿದೆ ಎನ್ನುವುದೂ ಗೊತ್ತಿರಲಿಲ್ಲ. ಬೇಡವೆನ್ನಬಹುದಿತ್ತು. ಆದರೆ ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ಕಾರಣ ಉದ್ದವಾಗಿತ್ತು.

ಸ್ಟೂಲು ಹತ್ತಿ, ಹಾರದ ಎರಡು ತುದಿಯ ದಾರಗಳನ್ನು ಚೌಕಟ್ಟಿನ ಎರಡು ಮೂಲೆಗೆ ಸಿಕ್ಕಿಸಿದ. ಎಡಗಡೆ ಒಂದು ಗೇಣು ಜಾಸ್ತಿ ಇಳಿದಿತ್ತು. ಇಳಿದು ದೂರ ಹೋಗಿ ನೋಡಿದ, ಮತ್ತೆ ಹತ್ತಿ ಸರಿಮಾಡಿದ. ಈಗ ಎರಡೂ ಕಡೆ ಸಮವಾಗಿ, ಗಾಜಿನ ಮೇಲೆ ಬಳುಕಿ ಬಂದ ಹಾಗೆ ಕೂತಿತು. ಕೈಯಿಂದ ಒಂದು ಕೆಲಸವನ್ನು ನೆಟ್ಟಗೆ ಮಾಡಿ ಎಷ್ಟು ದಿನವಾಯಿತು ಎಂದು ಅವನಿಗೆ ಅನ್ನಿಸಿತು.

"ಎಂಗ್ ಕಾಣ್ತದ ನೋಡಿ, ಮದ್ವಣಗಿತ್ತಿ ಇದ್ದಂಗೆ," ಎಂದಳು ದೊಡ್ಡಮಾದಮ್ಮ. "ನಮ್ದೇ ಒಲದ್ದು ಸಾರ್. ಕೇರಳಕ್ಕ ಓಗೋ ಲಾರಿ ತಡೆದು ಎರಡು ಸೇರು ಎತ್ಕಂಡ್ ಬಂದಿ."

ಶಿವಮೂರ್ತಿ ಹೊಸ್ತಿಲ ಮೇಲೆ ಕಾಯಿ ಒಡೆದರು. ಮಕ್ಕಳು ಚಪ್ಪಾಳೆ ತಟ್ಟಿದವು. ಒಳ್ಳೆಯ ಹೋಳಾಯಿತು ಎಂದು ಯಾರೋ ಅಂದರು.

ಕಡತದಲ್ಲಿ ಸಾಫ್ಟ್‌ವೇರುಗಳಿಗೆ ಹೆಸರಿರಲಿಲ್ಲ. ಪಕ್ಷಪಾತವಾಗಬಾರದೆಂದು ಒಂದನ್ನು ‘ತಂತ್ರಾಂಶ ಅ’, ಇನ್ನೊಂದನ್ನು ‘ತಂತ್ರಾಂಶ ಬ’ ಎಂದು ಕರೆದಿದ್ದರು. ಬೆಳಿಗ್ಗೆ ಅ, ಊಟವಾದ ಮೇಲೆ ಬ. ಹತ್ತರಲ್ಲಿ ಒಂಬತ್ತು ಕಾಲಂಗಳನ್ನು ಕಚೇರಿಯಲ್ಲೇ ತುಂಬಿಯಾಗಿತ್ತು. ಅದರಲ್ಲಿ ಅ ಒಂದು ಅಂಕ ಮುಂದಿತ್ತು. ಉಳಿದಿದ್ದ ಹತ್ತನೆಯದು, ‘ತರಗತಿಯಲ್ಲಿ ಪ್ರತ್ಯಕ್ಷ ನಿರ್ವಹಣೆ’.

"ನನ್ನ ಗುರುತು ಸಿಕ್ತಾ ಸರ್?" ಎಂದಳು ಟೀಚರು ನೀಲಾವತಿ, ಲ್ಯಾಪ್‌ಟಾಪಿನ ವೈರು ಜೋಡಿಸುತ್ತ.

"ಹೂಂ. ಯಾಕಿಲ್ಲ."

"ಹದ್ನಾಲ್ಕರ ಬ್ಯಾಚು. ಕಿಟಕಿ ಪಕ್ಕದ ಬೆಂಚು."

"ಹೌದು ಹೌದು," ಎಂದ ಸ್ವಾಮಿ. ಕಿಟಕಿಯೇನೋ ನೆನಪಿತ್ತು.

"ನೀವು ಹೇಳ್ತಿದ್ರಿ, ಮಗುವಿನ ಮನೆಯಲ್ಲಿ ಯಾವ ದನಿ ಕೇಳ್ಸುತ್ತೋ ಅದೇ ದನಿ ತರಗತಿಗೂ ಬರ್ಬೇಕು, ಇಲ್ದಿದ್ರೆ ಮಗು ಅರ್ಧ ಮಾತ್ರ ಶಾಲೆಗೆ ಬರ್ತದೆ ಅಂತ. ನಾನದನ್ನ ನೋಟ್ಸಲ್ಲಿ ಬರ್ಕೊಂಡಿದ್ದೆ ಸರ್. ಈ ಅ ಇದೆಯಲ್ಲ, ಇದ್ರಲ್ಲಿ ನಮ್ಮ ಪಾಠ ನಾವೇ ಮಾಡ್ಬೋದು. ಹೋದ ವರ್ಷ ಪ್ರಯೋಗಕ್ಕೆ ಅಂತ ಕೊಟ್ರು, ಹಳೇ ಪ್ರೊಜೆಕ್ಟರಲ್ಲಿ. ಮಕ್ಕಳ ಮನೆಮನೆಗೆ ಹೋಗಿ ದನಿ ತಂದು ತುಂಬ್ಸಿದೀನಿ. ನೂರಾ ಹನ್ನೊಂದು ಪಾಠ ಆಗಿದೆ."

ತಾನು ಹಾಗೆ ಹೇಳಿರಬಹುದೇ ಎಂದು ಸ್ವಾಮಿ ಯೋಚಿಸಿದ. ಪಠ್ಯಕ್ರಮದ ಮೂರನೆಯ ಘಟಕದಲ್ಲಿ ಅಂಥದ್ದೊಂದು ಮಾತು ಇತ್ತು. ಪ್ರತಿ ವರ್ಷ ಆಗಸ್ಟಿನಲ್ಲಿ ಆ ಘಟಕ ಬರುತ್ತಿತ್ತು. ಬಂದಾಗ ಹೇಳುತ್ತಿದ್ದ. ಹೇಳಿದ್ದನ್ನು ಯಾರಾದರೂ ಮಾಡಿಯಾರು ಎಂಬ ಭಯ ಅವನಿಗೆ ಯಾವತ್ತೂ ಬಂದಿರಲಿಲ್ಲ.

"ಇದು ಆಯ್ಕೆ ಆಗ್ದಿದ್ರೆ?" ಎಂದು ಕೇಳಿದ.

"ಪ್ರಯೋಗ ತಿಂಗಳ ಕೊನೆಗೆ ಮುಗೀತದೆ ಸರ್. ಆಮೇಲೆ ತೆರೆಯಲ್ಲ. ದನಿಗಳೆಲ್ಲ ಅದ್ರೊಳಗೇ ರೆಕಾರ್ಡ್ ಮಾಡಿದ್ದು, ಹೊರಗೆ ತೆಗೆಯಕ್ಕೆ ಬರಲ್ಲ. ಫೋನ್ ಮಾಡಿ ಕೇಳ್ದೆ. ಅದನ್ನ ಮಾಡಿದೋರೂ ನಮ್ಮಂಥ ನಾಲ್ಕೈದು ಜನ ಮೇಷ್ಟರುಗಳೇ. ಆಯ್ಕೆ ಆಗ್ಲಿಲ್ಲ ಅಂದ್ರೆ ಮುಚ್ಚಿಬಿಡ್ತೀವಿ ತಾಯಿ ಅಂದ್ರು." ಅವಳು ದನಿ ತಗ್ಗಿಸಿದಳು. "ಆ ಮೂಲೇಲಿ ಕೂತಿರೋ ಹುಡುಗಿ ಚೈತ್ರ, ಮೂರನೇ ಕ್ಲಾಸು. ಗುಣಾಕಾರದ ಪಾಠದಲ್ಲಿ ಅವಳಜ್ಜಿ ಗುರುಮಲ್ಲಮ್ಮನ ದನಿ ಇದೆ. ಯುಗಾದಿ ಮುಂದೆ ತೀರ್ಕೊಂಡ್ರು. ಮನೇಲಿ ಒಂದು ಫೋಟೋನೂ ಇಲ್ಲ ಸರ್. ಅವತ್ತು ಇವಳು ಸ್ಮಶಾನಕ್ಕೆ ಹೋಗ್ಲಿಲ್ಲ, ಇಲ್ಲಿಗೆ ಬಂದು ಆ ಪಾಠ ಹಾಕಿ ಮಿಸ್ ಅಂದ್ಳು."

ಸ್ವಾಮಿ ಮೂಲೆಯ ಕಡೆ ನೋಡಿದ. "ಮಾಹಿತಿ ಒಳ್ಳೇದು," ಎಂದ.

ಪಾಠ ಶುರುವಾಯಿತು. ಗಾಜಿನ ಮೇಲೆ ಚೆಂಡುಹೂಗಳ ಚಿತ್ರ ಮೂಡಿದವು. ಸ್ಪೀಕರಿನಿಂದ ಒಂದು ಕೆಮ್ಮು ಬಂತು, ಆಮೇಲೆ ಒಬ್ಬ ಮುದುಕಿ, ಪಕ್ಕದಲ್ಲೇ ಕುಳಿತು ಎಲೆಯಡಿಕೆ ಹಾಕುತ್ತಿರುವವಳ ಹಾಗೆ ಮಾತಾಡಿದಳು: "ಐದೈದು ಊವ ಒಂದೊಂದು ಗುಡ್ಡ ಮಾಡ್ಕ ಮಗ. ಮೂರು ಗುಡ್ಡ ಆಯ್ತಾ? ಎಣಿಸ್ಬುಟ್ಟು ಯೋಳು ಈಗ, ಎಸ್ಟು ಊವ ಅವ?"

ಚೈತ್ರ ಎದ್ದು ಬಂದು ಒಂದು ಹೂವಿನ ಮೇಲೆ ಬೆರಳಿಟ್ಟಳು. ಹೂ ಅವಳ ಬೆರಳಿನ ಹಿಂದೆ ಬರಬೇಕಿತ್ತು. ಬರಲಿಲ್ಲ. ಮೇಲಿನ ಮೂಲೆಗೆ ಓಡಿತು. ಅದರ ಹಿಂದೆ ಇನ್ನೊಂದು ಓಡಿತು. ಯಾರೂ ಮುಟ್ಟದೆ ಉತ್ತರದ ಚೌಕಗಳು ಒಂದಾದಮೇಲೊಂದು ಕೆಂಪಾದವು.

"ಊಹೂಂ. ಆತ್ರ ಪಡ್ಬ್ಯಾಡ ಮಗ, ಇನ್ನೊಂದ್ ದಪ ಎಣಿಸು," ಎಂದಳು ಗುರುಮಲ್ಲಮ್ಮ.

ಚೈತ್ರ ಕೈ ಹಿಂದೆಗೆದುಕೊಂಡಳು. ಹೂಗಳು ಓಡುತ್ತಲೇ ಇದ್ದವು.

"ಆತ್ರ ಪಡ್ಬ್ಯಾಡ ಮಗ. ಆತ್ರ ಪಡ್. ಆತ್ರ ಪಡ್. ಊಹೂಂ."

ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ನೀಲಾವತಿ ಆರಿಸಿ ಮತ್ತೆ ಹಾಕಿದಳು. ಮತ್ತೆ ಅದೇ. ವೈರು ಕಿತ್ತು ಸಿಕ್ಕಿಸಿದಳು. ಬೋರ್ಡಿನ ಗಾಜನ್ನು ಸೆರಗಿನಿಂದ ಒರೆಸಿದಳು; ಹಾರ ಅಡ್ಡ ಬಂದಾಗ ಅದನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ, ಒರೆಸಿ, ಎಲ್ಲಿತ್ತೋ ಅಲ್ಲಿಗೇ ಬಿಟ್ಟಳು. ಈ ಬೋರ್ಡಿಗೆ ಅವಳೂ ಹೊಸಬಳು. ಮೂರನೇ ಸಲಕ್ಕೆ ಸತ್ತವಳ ದನಿ ಬರೀ ಕೆಮ್ಮಾಗಿ ನಿಂತುಹೋಯಿತು.

"ಪಾಪ," ಎಂದರು ಶಿವಮೂರ್ತಿ, ಗಡಿಯಾರ ನೋಡಿ. "ಊಟ ರೆಡಿನಾ ದೊಡ್ಡಮಾದಮ್ಮ?"

ಹತ್ತನೆಯ ಕಾಲಂನಲ್ಲಿ ಅವರು ದುಂಡಗಿನ ಅಕ್ಷರದಲ್ಲಿ ಬರೆದರು: ಸ್ಪರ್ಶಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ.

ಊಟಕ್ಕೆ ಹುರುಳಿಕಾಳಿನ ಸಾರು. ಸ್ವಾಮಿ ಬೇಗ ಕೈತೊಳೆದು ತರಗತಿಗೆ ಬಂದ. ಜನರ ಜೊತೆ ಕುಳಿತು ಉಣ್ಣುವಾಗ ಏನಾದರೂ ಮಾತಾಡುತ್ತಿರಬೇಕೆಂಬ ಒತ್ತಾಯ ಅವನಿಗೆ ಆಯಾಸ ತರುತ್ತಿತ್ತು. ಒಳಗೆ ‘ತಂತ್ರಾಂಶ ಬ’ದ ಕಂಪನಿಯವನು, ಬೆಳಿಗ್ಗೆಯಿಂದ ಹಿಂದೆ ನಿಂತು ನೋಡುತ್ತಿದ್ದ ಮಲ್ಲೇಶ್ ಎಂಬ ಬದನಗುಪ್ಪೆಯ ಹುಡುಗ, ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು, ಸ್ಟೂಲಿನ ಮೇಲೆ ನಿಂತು ಹಾರ ಬಿಚ್ಚುತ್ತಿದ್ದ.

ಸ್ವಾಮಿಯನ್ನು ಕಂಡದ್ದೇ ಮಲ್ಲೇಶ್ ಕೈ ಹಾಗೇ ನಿಲ್ಲಿಸಿದ.

"ತೆಗೀಬೋದಾ ಸಾರ್? ಪೂಜೆ ಮುಗೀತಲ್ಲ."

"ಯಾಕೆ?"

"ಏನಿಲ್ಲ ಸಾರ್. ಈ ಫ್ರೇಮಲ್ಲಿ ಈ ಕಡೆಯಿಂದ ಆ ಕಡೆಗೆ ಬೆಳಕು ಓಡಾಡ್ತಿರ್ತದೆ. ನಮ್ ಕಣ್ಣಿಗೆ ಕಾಣಲ್ಲ. ಅಡ್ಡ ಏನ್ ಬಂದ್ರೂ ಬೆರಳು ಅನ್ಕೊಳ್ತದೆ. ಬೆರಳೇ ಆಗ್ಬೇಕು ಅಂತಿಲ್ಲ, ಹೂವಾದ್ರೂ ಸರಿ. ಮೊದ್ಲು ಹೂವನ್ನ ಹಿಡ್ಕೊಂಡ್ಬಿಟ್ರೆ ಆಮೇಲೆ ನಿಜವಾದ ಬೆರಳು ಬಂದ್ರೂ ಕೇಳಲ್ಲ."

ಸ್ವಾಮಿ ಹಾರವನ್ನು ನೋಡಿದ. ಎರಡೂ ಕಡೆ ಸಮ.

"ಬೆಳಿಗ್ಗೆ ಆಗಿದ್ದು ಇದ್ರಿಂದ್ಲೇನಾ?"

"ಮತ್ತಿನ್ನೇನು ಸಾರ್. ಅದ್ರ ತಪ್ಪೇನಿಲ್ಲ. ಆ ಸಾಫ್ಟ್‌ವೇರು ಚೆನ್ನಾಗೇ ಅದೆ, ನಿಜ ಹೇಳ್ಬೇಕು ಅಂದ್ರೆ."

"ಗೊತ್ತಿತ್ತಲ್ಲ. ಹೇಳ್ಬಾರ್ದಿತ್ತಾ?"

ಮಲ್ಲೇಶ್ ತಪ್ಪು ಮಾಡಿದವನಂತೆ ನಕ್ಕ. "ನೀವೇ ಹಾಕಿದ್ರಲ್ಲ ಸಾರ್, ಅಷ್ಟು ಚೆನ್ನಾಗಿ ಸರಿಮಾಡಿ. ನೀವು ಹಾಕಿದ್ದನ್ನ ನಾನೆಂಗೆ ತೆಗೀಲಿ ಎಲ್ರ ಮುಂದೆ? ನಿಮ್ಗೆ ಗೊತ್ತಿರ್ತದೆ ಅನ್ಕೊಂಡೆ."

ಅವನು ಹಾರವನ್ನು ಸುತ್ತಿ ಕಿಟಕಿಯ ಮೇಲಿಟ್ಟ. ನೆಲಕ್ಕೆ ಉದುರಿದ ಎಸಳುಗಳನ್ನು ಕೂಡ ಆರಿಸಿ ಅಲ್ಲೇ ಇಟ್ಟ. ಕಂಪನಿಯವನಾದರೂ ತುಳಿಯಬಾರದೆಂಬ ತಿಳಿವಳಿಕೆ ಇತ್ತು.

ಮಧ್ಯಾಹ್ನದ ಪಾಠ ಸುಸೂತ್ರವಾಗಿ ನಡೆಯಿತು. ನೀಲಿ ಅಂಗಿ ತೊಟ್ಟ ಒಂದು ಆನೆ ಬಂದು ಸೊಂಡಿಲೆತ್ತಿ ನಮಸ್ಕಾರ ಮಾಡಿತು. ಅದರ ಕನ್ನಡ ರೈಲ್ವೆ ಸ್ಟೇಷನ್ನಿನ ಕನ್ನಡದಂತೆ ನುಣ್ಣಗಿತ್ತು, ಯಾವ ಊರಿನದೂ ಅಲ್ಲದ್ದು. ಸರಿಯುತ್ತರ ಮುಟ್ಟಿದರೆ "ಶಭಾಷ್" ಎನ್ನುತ್ತಿತ್ತು, ನಕ್ಷತ್ರ ಕೊಡುತ್ತಿತ್ತು. ತಪ್ಪು ಮುಟ್ಟಿದರೂ "ಶಭಾಷ್, ಪ್ರಯತ್ನಿಸಿದೆ" ಎಂದು ಅರ್ಧ ನಕ್ಷತ್ರ ಕೊಡುತ್ತಿತ್ತು. ಪ್ರಶ್ನೆಯೂ ಅದೇ ಕೇಳುತ್ತಿತ್ತು, ಮುಂದಕ್ಕೂ ಅದೇ ಹೋಗುತ್ತಿತ್ತು. ಟೀಚರು ಮಾಡಬೇಕಾದ್ದು ಏನೂ ಇರಲಿಲ್ಲ. ನೀಲಾವತಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಚಾಪೆಯ ಮೇಲೆ ಕುಳಿತು ನೋಡಿದಳು. ಸ್ವಾಮಿ ಗಮನಿಸಿದ: ಈಗ ಅವಳು ಕಿಟಕಿಯ ಪಕ್ಕದಲ್ಲಿ ಕೂತಿದ್ದಳು. ಆದರೂ ಗುರುತು ಸಿಕ್ಕಲಿಲ್ಲ.

ಪಾಠ ಮುಗಿದು ಮಕ್ಕಳನ್ನು ಆಟಕ್ಕೆ ಬಿಟ್ಟಾಗ ಅವಳು ಹತ್ತಿರ ಬಂದಳು.

"ಸರ್, ಇನ್ನೊಂದು ಸಲ ನೋಡ್ತೀರಾ? ಹತ್ತೇ ನಿಮಿಷ. ಬೆಳಿಗ್ಗೆ ಏನಾಯ್ತೋ ನಂಗೊತ್ತಿಲ್ಲ. ಮನೇಲಿ ಹತ್ತು ಸಲ ನೋಡಿದ್ದೆ."

"ಆಗುತ್ತೆ. ಯಂತ್ರ ಅಂದ್ಮೇಲೆ."

"ನಂದೇ ತಪ್ಪಿರ್ಬೇಕು ಸರ್. ಏನೋ ಒತ್ತಿದೀನಿ."

"ನಿಮ್ದೇನಿಲ್ಲ."

"ಮತ್ತೆ?"

ಹೂವು ಎನ್ನುವ ಒಂದು ಮಾತು ಅವನ ಗಂಟಲವರೆಗೂ ಬಂತು. ಬಂದು ಅಲ್ಲಿ ಸಾಲಿನಲ್ಲಿ ನಿಂತುಕೊಂಡಿತು.

"ನೋಡೋಣ," ಎಂದ.

ಅವಳು ತಲೆಯಾಡಿಸಿದಳು. "ನೀವಿದೀರಲ್ಲ ಸರ್, ನಂಗೆ ಧೈರ್ಯ," ಎಂದು ಹೇಳಿ ಮಕ್ಕಳ ಕಡೆಗೆ ಹೋದಳು.

ಜೀಪು ಹುಣಸೆಮರದ ಕೆಳಗೆ ನಿಂತಿತ್ತು. ಆಚೆಗೆ ರಸ್ತೆಯ ಉದ್ದಕ್ಕೂ ಚೆಂಡುಹೂವಿನ ಹೊಲ, ಕಣ್ಣು ಕೋರೈಸುವಷ್ಟು ಹಳದಿ. ಕೇರಳದ ಒಂದು ಕಾರು ನಿಲ್ಲಿಸಿಕೊಂಡು ಗಂಡಹೆಂಡತಿ ಹೂವಿನ ಮಧ್ಯೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೊಲದವಳು ಬದುವಿನ ಮೇಲೆ ಕುಳಿತು ಅವರು ಮುಗಿಸಲೆಂದು ಕಾಯುತ್ತಿದ್ದಳು. ಮುಗಿದ ಮೇಲೆ ಅವಳು ಆ ಹೂವನ್ನೇ ಕೊಯ್ಯಬೇಕಿತ್ತು.

ಶಿವಮೂರ್ತಿ ಕಾಗದಗಳನ್ನು ಜೀಪಿನ ಮೂತಿಯ ಮೇಲೆ ಹರಡಿದರು. ಗಾಳಿಗೆ ಹಾರಿಹೋಗದಿರಲೆಂದು ಒಂದು ತುದಿಗೆ ಬೆಳಿಗ್ಗೆ ಒಡೆದ ಕಾಯಿಯ ಹೋಳಿಟ್ಟರು.

"ನಾಲ್ಕು ಗಂಟೆಗೆ ನಗರದಲ್ಲಿರ್ಬೇಕು ಕಣ್ರೀ. ನಾನು ಸಹಿ ಮಾಡಿದೀನಿ. ಮೇಡಂದು ಮೊದ್ಲೇ ಇದೆ. ನೀವೊಂದು ಹಾಕ್ಬಿಟ್ರೆ ಮುಗೀತು. ಮೂರು ಜನದ್ದೂ ಒಂದೇ ಆಗಿರ್ಬೇಕು, ಇಲ್ದಿದ್ರೆ ಇಡೀ ಕತೆ ಮೊದ್ಲಿಂದ."

ಸ್ವಾಮಿ ಕಾಗದ ನೋಡಿದ. ಖಾಲಿ ಜಾಗದಲ್ಲಿ ಬ ಎಂದು ಬರೆದಾಗಿತ್ತು.

"ಅ ಇನ್ನೊಂದ್ಸಲ ನೋಡ್ಬೋದಿತ್ತೇನೋ," ಎಂದ.

"ಯಾಕೆ? ಏನಾದ್ರೂ ಗೊತ್ತಾಯ್ತಾ?"

ಶಿವಮೂರ್ತಿ ಕೆಟ್ಟವರಲ್ಲ. ಹೇಳಿದ್ದರೆ ಕೇಳುತ್ತಿದ್ದರು. ಬಹುಶಃ ನಗುತ್ತಿದ್ದರು. ಸ್ವಾಮಿ ಮನಸ್ಸಿನಲ್ಲೇ ವಾಕ್ಯ ಕಟ್ಟಿದ. ‘ಬೋರ್ಡಿಗೆ ಹಾಕಿದ ಹಾರದಿಂದ ತೊಂದರೆಯಾಯಿತು.’ ಹಾರ ಹಾಕಿದವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ‘ಪೂಜೆಯ ಕಾರಣದಿಂದ.’ ತಜ್ಞನಾದವನು ತಡೆಯಲಿಲ್ಲವೇ. ‘ನಾನು ಹಾಕಿದ ಹಾರದಿಂದ.’ ಇದು ಚಿಕ್ಕದಾಗಿತ್ತು, ನಿಜವೂ ಆಗಿತ್ತು. ಆದರೆ ನಾನು ಎಂದು ಶುರುವಾಗುವ ವಾಕ್ಯವನ್ನು ಯಾರ ಮುಂದಾದರೂ ಕೊನೆವರೆಗೂ ಹೇಳಿ ಎಷ್ಟು ವರ್ಷವಾಯಿತೋ. ಅವನು ಬರೆದ ವರದಿಗಳಲ್ಲೆಲ್ಲ ‘ಗಮನಿಸಲಾಯಿತು’, ‘ಕಂಡುಬಂದಿತು’ ಎಂದೇ ಇರುತ್ತಿತ್ತು.

"ಏನಿಲ್ಲ," ಎಂದ.

"ಅಲ್ರೀ, ನೀವೇ ಕೈಯಾರ ಹೂ ಮುಡಿಸಿ ಶುರು ಮಾಡಿದ್ದು. ಒಳ್ಳೇ ಕೈಗುಣ ನಿಮ್ದು. ಮಧ್ಯಾಹ್ನ ಎಷ್ಟು ಚೆನ್ನಾಗಿ ನಡೀತು ನೋಡಿ."

ಪೆನ್ನಿಗಾಗಿ ಜೇಬು ತಡಕಿದ. ಇರಲಿಲ್ಲ. ಶಿವಮೂರ್ತಿ ತಮ್ಮದನ್ನು ಕೊಟ್ಟರು. ಸಹಿ ಮಾಡಿದ. ಹೆಸರು ಉದ್ದವಾದ್ದರಿಂದ ಅವನು ಯಾವಾಗಲೂ ‘ಮ’ ಬರೆದು ಒಂದು ಗೆರೆ ಎಳೆದುಬಿಡುತ್ತಿದ್ದ. ಇವತ್ತು ಗೆರೆ ಮಾತ್ರ ಬಂತು. ಯಾರೂ ಗಮನಿಸಲಿಲ್ಲ.

"ನನ್ನ ಪೆನ್ನು ಕ್ಲಾಸಲ್ಲಿ ಬಿಟ್ಟಿದೀನಿ," ಎಂದ.

"ಬೇಗ ಬನ್ನಿ."

ಜಗಲಿಯ ಮೆಟ್ಟಿಲ ಮೇಲೆ ಚೈತ್ರ ಕುಳಿತಿದ್ದಳು. ಬಯಲಿನಲ್ಲಿ ಉಳಿದ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದವು. ನೀಲಾವತಿ ಅವುಗಳ ನಡುವೆ ನಿಂತು, ಇತ್ತ ನೋಡುತ್ತ, ನೋಡದವಳಂತೆ ಇದ್ದಳು. ಸ್ವಾಮಿ ಮೆಟ್ಟಿಲು ಹತ್ತುವಾಗ ಹುಡುಗಿ ದಾರಿ ಬಿಟ್ಟಳು. ಆಮೇಲೆ ಕೇಳಿದಳು:

"ನಮ್ಮಜ್ಜಿ ಪೇಲಾ ಸಾರ್?"

ಅವನು ನಿಂತ.

"ಇಲ್ಲ. ಅಜ್ಜಿ ಫೇಲಾಗಿಲ್ಲ."

"ಮತ್ತ ಯಾರು ಪೇಲು?"

ಅಡುಗೆಕೋಣೆಯಿಂದ ಪಾತ್ರೆಯ ನೀರು ಚೆಲ್ಲಲು ಬಂದ ದೊಡ್ಡಮಾದಮ್ಮ ಅಲ್ಲಿಂದಲೇ ಗದರಿದಳು: "ಎದ್ದೋಗಮ್ಮಿ ಅತ್ಲಾಗೆ, ಸಾರ್‌ಗೆ ಕಾಟ ಕೊಡ್ಬ್ಯಾಡ. ಸಾರ್, ಯಾವನೋ ದೇವ್ರ ಊವ ಕಿತ್ತು ಕಿಟಕೀಲಿ ಬಿಸಾಕಿದ್ದ. ಬಾಡೋಗಂಟ ತೆಗೀಬಾರ್ದು ಕಣಪ್ಪ, ಒಳ್ಳೇದಲ್ಲ. ನೀವು ಆಕಿದ್ರಲ್ಲ, ಅಂಗೇ ಅದೇ ಮೂಲೆಗ ಸಿಗಾಕಿವ್ನಿ."

"ಒಳ್ಳೇದಾಯ್ತು," ಎಂದು ಸ್ವಾಮಿ ಒಳಗೆ ಹೋದ.

ತರಗತಿ ಖಾಲಿಯಿತ್ತು. ಚಾಪೆಗಳ ಮೇಲೆ ಮಕ್ಕಳು ಕುಳಿತ ಗುರುತು ಇತ್ತು. ಫ್ಯಾನು ತಿರುಗುತ್ತಿತ್ತು. ಪೆನ್ನು ಕಿಟಕಿಯ ಮೇಲೆ, ಒಂದೆರಡು ಎಸಳುಗಳ ಪಕ್ಕದಲ್ಲಿತ್ತು. ಬೋರ್ಡನ್ನು ಯಾರೂ ಆರಿಸಿರಲಿಲ್ಲ. ಹಾರ ಗಾಜಿನ ಮೇಲೆ ತನ್ನ ಜಾಗಕ್ಕೆ ಬಂದು ಕೂತಿತ್ತು, ಎಡಗಡೆ ಒಂದು ಗೇಣು ಜಾಸ್ತಿ ಇಳಿದು.

ಆನೆ ಪ್ರಶ್ನೆ ಕೇಳಿತು. ಫ್ಯಾನಿನ ಗಾಳಿಗೆ ಹಾರ ಅಲುಗಿತು. ಉತ್ತರದ ಒಂದು ಚೌಕ ಹಸಿರಾಯಿತು. "ಶಭಾಷ್." ಇನ್ನೊಂದು ಪ್ರಶ್ನೆ. ಇನ್ನೊಂದು ಅಲುಗಾಟ. "ಶಭಾಷ್, ಪ್ರಯತ್ನಿಸಿದೆ." ಮೇಲಿನ ಮೂಲೆಯಲ್ಲಿ ನಕ್ಷತ್ರಗಳು ಆಗಲೇ ಎರಡು ಸಾಲು ತುಂಬಿ ಮೂರನೆಯದಕ್ಕೆ ಬಂದಿದ್ದವು.

ಅವನು ಹತ್ತಿರ ಹೋಗಿ, ನಿಲ್ಲಿಸುವ ಗುಂಡಿಯ ಚಿತ್ರದ ಮೇಲೆ ತೋರುಬೆರಳಿಟ್ಟ. ಏನೂ ಆಗಲಿಲ್ಲ. ಗಟ್ಟಿಯಾಗಿ ಒತ್ತಿದ. ಬೆರಳಿನ ತುದಿ ಬೆಳ್ಳಗಾಯಿತು. ಗಾಜು ತಣ್ಣಗಿತ್ತು. ಅಂಗೈ ಪೂರ್ತಿ ಇಟ್ಟ. ಹೊರಗೆ ಜೀಪಿನ ಹಾರ್ನ್ ಒಮ್ಮೆ ಕೇಳಿಸಿತು, ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ.

ಹಾರದಿಂದ ಒಂದು ಹೂ ಕಳಚಿ, ಗಾಜಿನ ಮೇಲಿಂದ, ಅವನ ಅಂಗೈಯ ಪಕ್ಕದಲ್ಲೇ ಜಾರುತ್ತ ಕೆಳಗೆ ಬಿತ್ತು. ಅದು ಜಾರಿದ ದಾರಿಯುದ್ದಕ್ಕೂ ಬೋರ್ಡಿನ ಮೇಲೆ ಒಂದು ಗೆರೆ ಮೂಡಿತು. ಆನೆ ಸೊಂಡಿಲೆತ್ತಿ ಆ ಗೆರೆಗೆ ಒಂದು ನಕ್ಷತ್ರ ಕೊಟ್ಟಿತು.